ಇಂಟರ್‌ವಲ್ ಮಾತು: ಏಲಕ್ಕಿಗೆ ಹೋಗದ ವಾಸನೆ



ಈ ವಾರ ಗಾಂಧಿನಗರದ ಗಾಳಿಸುದ್ದಿ ಇಲ್ಲ. ಯಾರ ಪಿಕ್ಚರ್ ಎಷ್ಟು ಸೆಂಟರ್‌ನಲ್ಲಿ ಓಡಿತು, ಯಾರದು ಮಕಾಡೆ ಮಲಗಿತು ಅನ್ನೋ ಲೆಕ್ಕವೂ ಇಲ್ಲ. ‘ಏನಯ್ಯಾ ಇದು, ಬಸ್ಸಿಗೆ ಕಾಯೋ ಹೊತ್ತಲ್ಲಿ ಓದೋಣ ಅಂತ ಕೊಂಡ್ರೆ...’ ಎಂದು ಮುಖ ಸಿಂಡರಿಸಬೇಡಿ. ಜನ ಮುಖ ಸಿಂಡರಿಸೋ ವಿಷಯವನ್ನೇ ಇವತ್ತು ಬರೆಯೋಕೆ ಕೂತಿದ್ದೀನಿ.

ಕೆ.ಆರ್. ಪೇಟೆ ತಾಲ್ಲೂಕಿನ ಒಬ್ಬ ತಮ್ಮನಿಂದ ಕಾಗದ ಬಂದಿದೆ. ಹೆಸರು ಹಾಕಬೇಡಿ ಅಂದಿದ್ದಾನೆ, ಹಾಕೋದಿಲ್ಲ. ವಯಸ್ಸು 26. ನಾಗಮಂಗಲದ ಕಡೆ ಹೆಣ್ಣು ಗೊತ್ತಾಗಿದೆ, ತಾಂಬೂಲವೂ ಬದಲಾಗಿದೆ. ಹುಡುಗಿ ಫೋನಿನಲ್ಲಿ ಚೆನ್ನಾಗಿ ಮಾತಾಡುತ್ತಾಳಂತೆ. ‘ಮೈಸೂರಿಗೆ ಹೋಗಿ ಒಂದು ಪಿಕ್ಚರ್ ನೋಡಿ ಬರೋಣ’ ಅಂತ ಮೂರು ಸಲ ಕರೆದಳಂತೆ. ಮೂರು ಸಲವೂ ಇವನು ಏನೋ ನೆಪ ಹೇಳಿ ತಪ್ಪಿಸಿಕೊಂಡಿದ್ದಾನೆ. ಯಾಕೆ? ಅವನ ಮಾತಿನಲ್ಲೇ ಕೇಳಿ:

‘ಅಣ್ಣಾ, ನನ್ನ ಬಾಯಿ ವಾಸನೆ ಬರುತ್ತೆ. ಬೆಳಿಗ್ಗೆ ಉಜ್ಜಿದರೂ ಮಧ್ಯಾಹ್ನಕ್ಕೆ ಮತ್ತೆ ಅದೇ. ಫೋನಿನಲ್ಲಾದ್ರೆ ಸರಿ, ಎದುರಿಗೆ ಬಂದರೆ ಗೊತ್ತಾಗಿಬಿಡುತ್ತೆ. ಈ ಮದುವೆ ಬೇಡ ಅಂದುಬಿಡೋಣ ಅಂತಿದ್ದೀನಿ. ಮನೇಲಿ ನನಗೆ ಇನ್ಯಾರೋ ಹುಡುಗಿ ಇದ್ದಾಳೆ ಅಂದ್ಕೊಂಡಿದ್ದಾರೆ. ಬಾಯಿ ಬಿಟ್ಟು ಹೇಳೋ ಹಾಗಿಲ್ಲ. ಬಾಯಿ ಬಿಟ್ಟರೇ ತಾನೇ ತೊಂದರೆ!’

ನಗಬೇಡಿ. ಇದೇ ಸೀನಿನಲ್ಲಿ ಒಂದು ಕಾಲಕ್ಕೆ ನಾನೇ ಹೀರೋ ಆಗಿದ್ದೆ. ಆ ಪಿಕ್ಚರ್ ಫ್ಲಾಪ್ ಆಯ್ತು. ಅದರ ಕತೆ ಹೇಳ್ತೀನಿ.

*

1984ರಲ್ಲಿ ನಾನು ಫಿಲ್ಮ್ ರೆಪ್ರೆಸೆಂಟೇಟಿವ್. ಈಗಿನ ಹುಡುಗರಿಗೆ ಈ ಕೆಲಸ ಗೊತ್ತಿರಲಾರದು. ಈಗ ಪಿಕ್ಚರ್ ಹಾರ್ಡ್‌ಡಿಸ್ಕಿನಲ್ಲಿ, ಸ್ಯಾಟಲೈಟಿನಲ್ಲಿ ಬರುತ್ತೆ. ಆಗ ತಗಡಿನ ಪೆಟ್ಟಿಗೆಯಲ್ಲಿ ರೀಲು. ಆ ಪೆಟ್ಟಿಗೆ ಹಿಂದೆ ಡಿಸ್ಟ್ರಿಬ್ಯೂಟರ್ ಕಡೆಯ ಒಬ್ಬ ಮನುಷ್ಯ ಹೋಗಬೇಕು. ಟಿಕೆಟ್ ಕೌಂಟರ್ ಪಕ್ಕ ಕೂತು, ಎಷ್ಟು ಬೆಂಚು, ಎಷ್ಟು ಕುರ್ಚಿ, ಎಷ್ಟು ಕಲೆಕ್ಷನ್ ಅಂತ ಡಿ.ಸಿ.ಆರ್. ಬರೆದು ಕಳಿಸಬೇಕು. ಆ ಮನುಷ್ಯ ನಾನು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಇಷ್ಟೂ ನನ್ನ ಸಾಮ್ರಾಜ್ಯ. ಅಂಬರೀಶ್ ಅವರ 1981ರ ‘ಅಂತ’, 1983ರ ‘ಚಕ್ರವ್ಯೂಹ’ದಂಥ ಪಿಕ್ಚರ್‌ಗಳನ್ನು ಮಂಡ್ಯದ ಕಡೆ ಎಷ್ಟು ಸಲ ತಿರುಗಿಸಿ ಹಾಕಿದರೂ ಜನ ಬರ್ತಿದ್ದ ಕಾಲ ಅದು.

ಕೆಲಸ ಮಜಾ, ಬದುಕು ಗಲೀಜು. ಸೆಕೆಂಡ್ ಷೋ ಬಿಡೋದು ರಾತ್ರಿ ಒಂದು ಗಂಟೆಗೆ. ಆಮೇಲೆ ಲೆಕ್ಕ. ಯಾರದೋ ಮನೆಯ ತಣ್ಣನೆ ಮುದ್ದೆ, ಉಪ್ಪುಸಾರು, ಇಲ್ಲಾಂದ್ರೆ ಹೋಟೆಲಿನ ಉಳಿದ ಪರೋಟ. ತಿಂದವನೇ ಥಿಯೇಟರ್ ಬೆಂಚಿನ ಮೇಲೆ ಬಿದ್ದುಕೊಳ್ಳೋದು. ರಾತ್ರಿ ಹೊತ್ತು ಹಲ್ಲು ಉಜ್ಜೋದಾ? ಅದು ಪಿಕ್ಚರ್‌ನಲ್ಲಿ ಬಂಗಲೆಯವರು ಮಾಡೋ ಕೆಲಸ ಅಂದ್ಕೊಂಡಿದ್ದೆ. ನಿದ್ದೆ ಬಾರದಿರಲಿ ಅಂತ ಎಲೆ-ಅಡಿಕೆ, ಜೊತೆಗೆ ಒಂದು ಚೂರು ಹೊಗೆಸೊಪ್ಪು. ಬೆಳಿಗ್ಗೆ ಎದ್ದು ಬೆರಳಿಗೆ ಇದ್ದಿಲು ಪುಡಿ ಹಚ್ಚಿ ಎರಡು ಸಲ ಎಳೆದರೆ ಮುಗೀತು.

ತಮಾಷೆ ನೋಡಿ. 1952ರಲ್ಲಿ ರೇಡಿಯೋ ಸಿಲೋನಿನಲ್ಲಿ ಶುರುವಾದ ಅಮೀನ್ ಸಯಾನಿಯವರ ‘ಬಿನಾಕಾ ಗೀತ್‌ಮಾಲಾ’ ನಮಗೆ ಬಾಯಿಪಾಠ. ಬಿನಾಕಾ ಅಂದ್ರೆ ಟೂತ್‌ಪೇಸ್ಟ್ ಹೆಸರು. ಹಾಡು ಕಲಿತೆವು, ಹಲ್ಲುಜ್ಜೋದು ಕಲೀಲಿಲ್ಲ!

ಜನ ನನ್ನ ಜೊತೆ ಒಂಥರಾ ನಡ್ಕೋತಿದ್ರು. ಪ್ರೊಜೆಕ್ಟರ್ ಆಪರೇಟರ್ ಗೋಡೆ ಕಡೆ ಮುಖ ಮಾಡಿ ಮಾತಾಡೋನು. ಗೇಟ್‌ಕೀಪರ್ ಎರಡು ಮಾರು ದೂರದಲ್ಲೇ ನಿಲ್ಲೋನು. ಟಿಕೆಟ್ ಕೊಡೋ ಯಜಮಾನರು ನಾನು ಬಾಯಿ ತೆರೆಯೋ ಮೊದಲೇ ಏಲಕ್ಕಿ ಡಬ್ಬಿ ಮುಂದೆ ಚಾಚೋರು. ನಾನು ಏನು ತಿಳ್ಕೊಂಡೆ ಗೊತ್ತೇ? ‘ರೆಪ್ರೆಸೆಂಟೇಟಿವ್ ಅಂದ್ರೆ ಎಷ್ಟು ಮರ್ಯಾದೆ, ಎಷ್ಟು ಉಪಚಾರ!’

1985ರಲ್ಲಿ ನಾಗಮಂಗಲಕ್ಕೆ ಹೆಣ್ಣು ನೋಡೋಕೆ ಹೋದೆವು. ಉಪ್ಪಿಟ್ಟು, ಕೇಸರಿಬಾತು ಆಯ್ತು. ಹಿರಿಯರೊಬ್ಬರು ‘ಹುಡುಗ-ಹುಡುಗಿ ಎರಡು ಮಾತಾಡಲಿ ಬುಡಿ’ ಅಂದ್ರು. ಹಿತ್ತಲ ತೆಂಗಿನಮರದ ಕೆಳಗೆ ನಿಂತು ನಾನು ಅರ್ಧ ಗಂಟೆ ಸಿನಿಮಾ ಕತೆ ಬಿಟ್ಟೆ. ಆ ಹುಡುಗಿ ಸೆರಗಿನ ತುದಿಯನ್ನು ಮೂಗಿನಿಂದ ಕೆಳಗೆ ಇಳಿಸಲೇ ಇಲ್ಲ. ‘ಆಹಾ, ಎಂಥ ನಾಚಿಕೆ, ಥೇಟ್ ಹೀರೋಯಿನ್!’ ಅಂತ ಹಿಗ್ಗಿಕೊಂಡು ಬಸ್ಸು ಹತ್ತಿದೆ. ಎಂಟು ದಿನಕ್ಕೆ ಹೇಳಿ ಕಳಿಸಿದ್ರು, ‘ಜಾತಕ ಕೂಡಲಿಲ್ಲ.’

ಜಾತಕ ಕೂಡಿತ್ತು ಅನ್ನೋದು ನಮ್ಮವ್ವನಿಗೆ ಗೊತ್ತಿತ್ತು. ಯಾಕೆ ಬೇಡ ಅಂದರು ಅನ್ನೋದು ಮಾತ್ರ ಗೊತ್ತಾಗಲಿಲ್ಲ.

*

ಗೊತ್ತಾಗಿದ್ದು ಪಾಂಡವಪುರದ ಒಂದು ಕಟಿಂಗ್ ಶಾಪಿನಲ್ಲಿ. ಮುಖದ ಹತ್ತಿರ ಬಂದು ನಿಲ್ಲಲೇಬೇಕಾದ ಮನುಷ್ಯ ಅಂದ್ರೆ ಕ್ಷೌರಿಕ ಒಬ್ಬನೇ ತಾನೇ? ನನ್ನ ಸಮವಯಸ್ಕ. ಶೇವಿಂಗ್ ಮುಗಿಸಿ, ಬೇರೆ ಗಿರಾಕಿ ಹೊರಗೆ ಹೋಗೋವರೆಗೆ ಕಾದು, ಮೆಲ್ಲಗೆ ಅಂದ:

‘ಅಣ್ಣೋ, ಒಂದ್ ಮಾತ್ ಯೋಳ್ತೀನಿ, ಬೇಜಾರ್ ಮಾಡ್ಕಬ್ಯಾಡಿ. ನಿಮ್ ಬಾಯಿ ಬಾಳ ವಾಸ್ನೆ ಕಣಣ್ಣ. ಕತ್ತಿ ಹಿಡ್ದಾಗ ನಾನು ಉಸ್ರು ಬಿಗಿ ಹಿಡ್ಕಂಡೇ ಕೆಲ್ಸ ಮಾಡೋದು. ಮೈಸೂರಲ್ಲಿ ಹಲ್ಲಿನ ಡಾಕ್ಟ್ರು ಅವ್ರೆ, ಒಂದ್ಸಲ ತೋರುಸ್ಕಳಿ.’

ನನಗೆ ಮೈಯೆಲ್ಲ ಬೆಂಕಿ! ದುಡ್ಡು ಬಿಸಾಕಿ ಎದ್ದು ಬಂದೆ. ಎರಡು ತಿಂಗಳು ಆ ಬೀದಿಗೆ ಕಾಲಿಡಲಿಲ್ಲ. ಆದರೆ ಮನಸ್ಸಿಗೆ ಒಂದೊಂದೇ ರೀಲು ಓಡೋಕೆ ಶುರುವಾಯ್ತು. ಆಪರೇಟರ್ ಮುಖ ತಿರುಗಿಸಿದ್ದು... ಏಲಕ್ಕಿ ಡಬ್ಬಿ... ನಾಗಮಂಗಲದ ಸೆರಗು...

ಮೈಸೂರಿಗೆ ಹೋದೆನಾ? ಇಲ್ಲ! ಹಲ್ಲು ನೋಯ್ತಿರಲಿಲ್ಲವಲ್ಲ, ಹಲ್ಲಿನ ಡಾಕ್ಟ್ರು ಯಾಕೆ? ಇದು ಹೊಟ್ಟೆಯ ಉಷ್ಣ ಅಂತ ನಾನೇ ತೀರ್ಮಾನ ಮಾಡಿದೆ. ಹರಳೆಣ್ಣೆ ಕುಡಿದು ಭೇದಿ ಮಾಡಿಕೊಂಡೆ. ಮೆಂತ್ಯ ನೆನೆಸಿ ನುಂಗಿದೆ. ಜೇಬಿನ ತುಂಬ ಲವಂಗ, ಏಲಕ್ಕಿ, ಸೋಂಪು. ಒಂದು ಬಸ್‌ಸ್ಟ್ಯಾಂಡಿನಲ್ಲಿ ಟವಲ್ ಹಾಸಿ ಕೂತಿದ್ದ ‘ದಂತವೈದ್ಯ’ನ ಹತ್ತಿರ ಬಿಳಿ ಪುಡಿ ಕೊಂಡೆ. ಉಜ್ಜಿದರೆ ಹಲ್ಲು ಪಳಪಳ, ಆದರೆ ತಣ್ಣೀರು ಕುಡಿದರೆ ಜೀವ ಹೋಗುವಷ್ಟು ಜುಮ್ಮು. ಮೇಲಿನ ಎನಾಮಲ್ ಪದರವೇ ಸವೆದುಹೋಗಿತ್ತು ಅಂತ ಆಮೇಲೆ ತಿಳೀತು. ವಾಸನೆ ಮಾತ್ರ ಇದ್ದಲ್ಲೇ ಇತ್ತು.

ಹೀಗೆ ಒಂದು ವರ್ಷ ಕಳೆದ ಮೇಲೆ, ಉಜ್ಜುವಾಗ ಬಾಯಿ ತುಂಬ ರಕ್ತ ಬಂದ ದಿನ ಹೆದರಿ ಮೈಸೂರಿನ ಬಸ್ಸು ಹತ್ತಿದೆ.

*

ಆ ಡಾಕ್ಟ್ರು ಮೊದಲು ಮಾಡಿದ ಕೆಲಸ, ನನ್ನ ಕೈಗೆ ಒಂದು ಕನ್ನಡಿ ಕೊಟ್ಟಿದ್ದು. ‘ನೋಡ್ರಿ, ನಿಮ್ಮ ಪಿಕ್ಚರ್ ನೀವೇ ನೋಡ್ರಿ’ ಅಂದ್ರು. ಕೆಳಗಿನ ಮುಂದಿನ ಹಲ್ಲುಗಳ ಒಳಮಗ್ಗುಲಲ್ಲಿ ಹಳೇ ಬಾನಿಗೆ ಕಟ್ಟಿದ ಸುಣ್ಣದ ಹಾಗೆ ಹಳದಿ-ಕಂದು ಕಿಟ್ಟ. ವಸಡು ಕೆಂಪಗೆ ಊದಿಕೊಂಡಿತ್ತು. ಎಡದವಡೆಯ ಕೊನೇ ಹಲ್ಲು ಒಳಗೇ ಟೊಳ್ಳು. ನಾಲಿಗೆಯ ಹಿಂಭಾಗದಲ್ಲಿ ಮೊಸರು ಬಳಿದ ಹಾಗೆ ಬಿಳಿ ಪದರ.

‘ಹೊಟ್ಟೆ ಉಷ್ಣ ಸರ್’ ಅಂದೆ. ಅವರು ನಕ್ಕುಬಿಟ್ಟರು.

ಅವರು ಅಂದು ಹೇಳಿದ್ದು, ಆಮೇಲೆ ನಾನು ಓದಿ, ಕೇಳಿ ತಿಳ್ಕೊಂಡಿದ್ದು ಎರಡನ್ನೂ ಸೇರಿಸಿ ಹೇಳ್ತೀನಿ. ಸದಾ ಕಾಡೋ ಬಾಯಿವಾಸನೆಯಲ್ಲಿ ಹತ್ತಕ್ಕೆ ಎಂಟು-ಒಂಬತ್ತು ಪಾಲು ಬರೋದು ಬಾಯಿಯಿಂದಲೇ, ಹೊಟ್ಟೆಯಿಂದಲ್ಲ. ಹೊಟ್ಟೆಗೆ ಹೋಗೋ ಅನ್ನನಾಳ ಸಾಮಾನ್ಯವಾಗಿ ಮುಚ್ಚಿಕೊಂಡೇ ಇರುತ್ತೆ, ತೇಗು ಬಂದಾಗ ಬಾಗಿಲು ತೆಗೆಯುತ್ತೆ. ಬಾಯಲ್ಲಿ ನೂರಾರು ಜಾತಿಯ ಬ್ಯಾಕ್ಟೀರಿಯಾ ವಾಸವಾಗಿವೆ. ಅವುಗಳಲ್ಲಿ ಕೆಲವಕ್ಕೆ ಗಾಳಿ ಆಗೋದಿಲ್ಲ. ಸಂದಿ, ಗೊಂದಿ, ನಾಲಿಗೆಯ ಹಿಂಭಾಗ, ವಸಡಿನ ಒಳಗಿನ ಜೇಬು, ಇವೇ ಅವಕ್ಕೆ ಬಾಲ್ಕನಿ ಸೀಟು. ಉಳಿದ ಆಹಾರ, ಸತ್ತ ಜೀವಕೋಶ, ರಕ್ತ ಇವುಗಳ ಪ್ರೋಟೀನನ್ನು ಅವು ಕೊಳೆಸ್ತವೆ. ಆಗ ಗಂಧಕದ ಅನಿಲ ಹುಟ್ಟುತ್ತೆ. ಒಂದು ಹೈಡ್ರೋಜನ್ ಸಲ್ಫೈಡ್, ಅಂದ್ರೆ ಕೊಳೆತ ಮೊಟ್ಟೆಯ ವಾಸನೆ. ಇನ್ನೊಂದು ಮೀಥೈಲ್ ಮರ್‌ಕ್ಯಾಪ್ಟನ್, ಕೊಳೆತ ಕೋಸಿನ ವಾಸನೆ. ಕೆನಡಾದಲ್ಲಿ ಜೋಸೆಫ್ ಟೊನ್ಝೆಟಿಚ್ ಎಂಬ ವಿಜ್ಞಾನಿ 1960-70ರ ದಶಕಗಳಲ್ಲೇ ಈ ಅನಿಲಗಳನ್ನು ಅಳೆದು ತೋರಿಸಿದ್ದರು. ನಾನು ಇಲ್ಲಿ ಹರಳೆಣ್ಣೆ ಕುಡೀತಿದ್ದೆ!

ಹಾಗಾದ್ರೆ ಏಲಕ್ಕಿ ಏನು ಮಾಡುತ್ತೆ? ಸತ್ತ ಇಲಿಯನ್ನು ತೆಗೆಯದೆ ಮನೆಗೆ ಊದುಬತ್ತಿ ಹಚ್ಚಿದ ಹಾಗೆ. ಬತ್ತಿ ಉರಿಯೋವರೆಗೆ ಘಮ. ಇಲಿ ಇದ್ದಲ್ಲೇ ಇರುತ್ತೆ.

ಹಲ್ಲಿನ ಮೇಲೆ ದಿನಾ ಒಂದು ಮೆತ್ತನೆ ಪಾಚಿ ಕೂರುತ್ತೆ. ಅದನ್ನು ಬ್ರಷ್ಷಿನಿಂದ ತೆಗೀಬಹುದು. ಹಾಗೇ ಬಿಟ್ಟರೆ ಎಂಜಲಿನಲ್ಲಿರೋ ಸುಣ್ಣದಂಶ ಸೇರಿ ಗಟ್ಟಿ ಕಿಟ್ಟ ಆಗುತ್ತೆ. ಆಮೇಲೆ ಬ್ರಷ್ಷು, ಪುಡಿ, ಉಪ್ಪು ಯಾವುದಕ್ಕೂ ಜಗ್ಗಲ್ಲ. ಡಾಕ್ಟ್ರ ಕೈಯ ಮೆಷಿನ್ನೇ ಬೇಕು. ಆ ಕಿಟ್ಟ ವಸಡನ್ನು ಕೆರಳಿಸಿ ರಕ್ತ ಬರಿಸುತ್ತೆ. ಆಮೇಲೆ ಕೆಳಗಿನ ಎಲುಬನ್ನೂ ಕರಗಿಸುತ್ತೆ. ನಮ್ಮ ಕಡೆ ಪಯೋರಿಯಾ ಅಂತಾರಲ್ಲ, ಇದೇ.

ನನಗೆ ಎರಡು ಸಲ ಕರೆಸಿ ಕ್ಲೀನಿಂಗ್ ಮಾಡಿದ್ರು. ಟೊಳ್ಳು ಹಲ್ಲು ಉಳಿಯೋ ಸ್ಥಿತಿಯಲ್ಲಿರಲಿಲ್ಲ, ಕಿತ್ತರು. ಬೇಗ ಬಂದಿದ್ರೆ ಬೇರಿನ ಚಿಕಿತ್ಸೆ ಮಾಡಿ ಉಳಿಸಬಹುದಿತ್ತು ಅಂದ್ರು. ನಾಲಿಗೆ ಉಜ್ಜೋ ಪಟ್ಟಿ ಕೊಳ್ಳೋಕೆ ಹೇಳಿದ್ರು. ಹೊಗೆಸೊಪ್ಪು ಬಿಡಿಸಿದ್ರು. ಮೂರು ವಾರ ಆದ್ಮೇಲೆ ಪಾಂಡವಪುರದ ಆ ಕಟಿಂಗ್ ಶಾಪಿಗೆ ಹೋಗಿ ಕುರ್ಚಿಯಲ್ಲಿ ಕೂತೆ. ಅವನು ಏನೂ ಕೇಳಲಿಲ್ಲ. ಅರ್ಧ ಮುಖ ಬೋಳಿಸಿದ ಮೇಲೆ ‘ಅಣ್ಣೋ, ಈಗ ಉಸ್ರು ಬುಟ್ಕಂಡೇ ಮಾಡ್ತಾ ಇವ್ನಿ’ ಅಂದ. ಇಬ್ಬರೂ ನಕ್ಕಿದ್ದಕ್ಕೆ ನನ್ನ ಗದ್ದಕ್ಕೆ ಸಣ್ಣ ಗಾಯ ಆಯ್ತು. ಆ ಗಾಯಕ್ಕೆ ನನಗೆ ಸಿಟ್ಟು ಬರಲಿಲ್ಲ.

*

ಈಗ ನೀವು ಕೇಳ್ತೀರಿ, ‘ನನ್ನ ಬಾಯಿ ವಾಸನೆ ಬರುತ್ತಾ ಇಲ್ವಾ, ಗೊತ್ತಾಗೋದು ಹೇಗೆ?’ ತನ್ನ ವಾಸನೆ ತನಗೆ ಗೊತ್ತಾಗಲ್ಲ, ಮೂಗು ಒಗ್ಗಿಹೋಗಿರುತ್ತೆ. ಅಂಗೈ ಅಡ್ಡ ಹಿಡಿದು ಊದಿ ನೋಡೋದು ಅಷ್ಟು ನಂಬೋಹಾಗಿಲ್ಲ. ಮಣಿಕಟ್ಟಿನ ಒಳಮಗ್ಗುಲನ್ನು ನಾಲಿಗೆಯಿಂದ ನೆಕ್ಕಿ, ಹತ್ತು ಸೆಕೆಂಡ್ ಆರಲು ಬಿಟ್ಟು ಮೂಸಿ ನೋಡಿ. ಇಲ್ಲಾಂದ್ರೆ ಚಮಚದ ಹಿಂಬದಿಯಿಂದ ನಾಲಿಗೆಯ ಹಿಂಭಾಗ ಮೆಲ್ಲಗೆ ಕೆರೆದು ನೋಡಿ. ಎಲ್ಲಕ್ಕಿಂತ ಒಳ್ಳೇ ದಾರಿ, ನಂಬಿಕಸ್ಥರೊಬ್ಬರನ್ನು, ಅಣ್ಣನೋ ಅಕ್ಕನೋ ಜೀವದ ಗೆಳೆಯನೋ, ನೇರವಾಗಿ ಕೇಳಿಬಿಡೋದು. ಬೆಳಿಗ್ಗೆ ಎದ್ದ ತಕ್ಷಣದ ವಾಸನೆ ಲೆಕ್ಕಕ್ಕಿಲ್ಲ. ನಿದ್ದೆಯಲ್ಲಿ ಎಂಜಲು ಕಮ್ಮಿಯಾಗಿ ಎಲ್ಲರಿಗೂ ಬರೋದೇ ಅದು.

ಇನ್ನೊಂದು ಮಾತು. ಕೆಲವರಿಗೆ ವಾಸನೆ ಇರೋದೇ ಇಲ್ಲ, ಇದೆ ಅನ್ನೋ ಭಯ ಮಾತ್ರ ಇರುತ್ತೆ. ಎದುರಿನವನು ಮೂಗು ಉಜ್ಜಿಕೊಂಡರೂ ‘ನನ್ನಿಂದಲೇ’ ಅನ್ನಿಸುತ್ತೆ. ಇಂಥ ಭಯವನ್ನು ಮಾರೋರೂ ಇದ್ದಾರೆ. 1879ರಲ್ಲಿ ಅಮೆರಿಕಾದಲ್ಲಿ ಲಿಸ್ಟರಿನ್ ತಯಾರಾದದ್ದು ಆಪರೇಷನ್‌ಗೆ ಬಳಸೋ ಕ್ರಿಮಿನಾಶಕವಾಗಿ. 1920ರ ದಶಕದಲ್ಲಿ ‘ಬಾಯಿವಾಸನೆಯಿಂದ ಮದುವೆಯಾಗದೆ ಉಳಿದ ಹುಡುಗಿ’ ಅನ್ನೋ ಥರದ ಜಾಹೀರಾತು ಹಾಕಿ ಹಾಕಿ ಅದರ ವ್ಯಾಪಾರ ಎಲ್ಲಿಂದೆಲ್ಲಿಗೋ ಹೋಯ್ತು. ಆದ್ದರಿಂದ ಅಂಗಡಿಯ ಬಾಟಲಿಗೆ ಮೊದಲು ಕೈ ಹಾಕಬೇಡಿ. ಡಾಕ್ಟ್ರಿಗೆ ಮೊದಲು ಬಾಯಿ ತೋರಿಸಿ. ವಾಸನೆ ಇಲ್ಲ ಅಂದ್ರೆ ಅದನ್ನೂ ಅವರೇ ಹೇಳ್ತಾರೆ.

ಮಾಡಬೇಕಾದ್ದು ಕಷ್ಟದ್ದೇನಲ್ಲ, ಕೇಳಿ.

ದಿನಕ್ಕೆ ಎರಡು ಸಲ, ಎರಡೆರಡು ನಿಮಿಷ ಉಜ್ಜಿ. ಒಂದು ಹಾಡಿನ ಅರ್ಧದಷ್ಟು ಹೊತ್ತು ಅನ್ಕೊಳ್ಳಿ. ರಾತ್ರಿ ಉಜ್ಜೋದನ್ನು ಯಾವ ಕಾರಣಕ್ಕೂ ಬಿಡಬೇಡಿ. ಬಾಯಿ ಒಣಗಿದಾಗಲೇ ಬ್ಯಾಕ್ಟೀರಿಯಾದ ಸೆಕೆಂಡ್ ಷೋ ಶುರು. ಮೆತ್ತನೆ ಬ್ರಷ್ಷು, ಫ್ಲೋರೈಡ್ ಇರೋ ಪೇಸ್ಟು. ಬ್ರಷ್ಷನ್ನು ಹಲ್ಲು-ವಸಡು ಕೂಡೋ ಜಾಗಕ್ಕೆ ಓರೆಯಾಗಿ ಇಟ್ಟು ಮೆಲ್ಲಗೆ ಆಡಿಸಿ. ಪಾತ್ರೆ ತಿಕ್ಕಿದ ಹಾಗೆ ತಿಕ್ಕಬೇಡಿ. ಇದ್ದಿಲು, ಇಟ್ಟಿಗೆ ಪುಡಿ, ಕಲ್ಲುಪ್ಪು ಎಲ್ಲ ಎನಾಮಲ್ ಸವೆಸೋ ಸಾಮಾನು. ಮೂರು ತಿಂಗಳಿಗೊಂದು ಬ್ರಷ್ ಬದಲಾಯಿಸಿ.

ದಿನಕ್ಕೊಂದು ಸಲ ನಾಲಿಗೆ ಹೆರೆಯಿರಿ. ಹಿಂದಿನಿಂದ ಮುಂದಕ್ಕೆ, ಮೆಲ್ಲಗೆ. ಇದೇನು ಫಾರಿನ್ ಫ್ಯಾಷನ್ನಲ್ಲ. ಚಿನ್ನ, ಬೆಳ್ಳಿ, ತಾಮ್ರದ ನಾಲಿಗೆಪಟ್ಟಿಯ ಮಾತು ಚರಕ ಸಂಹಿತೆಯಲ್ಲೇ ಇದೆ.

ಹಲ್ಲಿನ ಸಂದಿಗೆ ಬ್ರಷ್ ಹೋಗಲ್ಲ. ಅದಕ್ಕೆ ದಾರದಂಥ ಫ್ಲಾಸ್, ಇಲ್ಲಾ ಪುಟ್ಟ ಸಂದಿಬ್ರಷ್. ನಾಟಿಕೋಳಿ ಬಾಡೂಟದ ಮಾರನೇ ದಿನ ಇದರ ಮಹಿಮೆ ಗೊತ್ತಾಗುತ್ತೆ. ಪಿನ್ನು, ಬೆಂಕಿಕಡ್ಡಿ ಹಾಕಿ ವಸಡು ಚುಚ್ಚಬೇಡಿ.

ನಮ್ಮ ಸೀಮೆ ಕಬ್ಬಿನ ಸೀಮೆ. ಆಲೆಮನೆಗೆ ಹೋದರೆ ಬಿಸಿಬೆಲ್ಲ, ಗದ್ದೆಗೆ ಹೋದರೆ ಜಲ್ಲೆ. ತಿನ್ನಬೇಡಿ ಅನ್ನಲ್ಲ, ತಿಂದ ಮೇಲೆ ಬಾಯಿ ಮುಕ್ಕಳಿಸಿ. ಸಂದಿಯಲ್ಲಿ ಉಳಿದ ಸಿಹಿಯಿಂದಲೇ ಹಲ್ಲು ಹುಳುಕಾಗೋದು. ನೀರು ಚೆನ್ನಾಗಿ ಕುಡೀರಿ. ಬೆಳ್ಳುಳ್ಳಿಯ ವಾಸನೆ ಮಾತ್ರ ಬೇರೆ ಕತೆ. ಅದು ರಕ್ತ ಸೇರಿ ಶ್ವಾಸಕೋಶದಿಂದ ಬರುತ್ತೆ, ಉಜ್ಜಿದರೂ ತಕ್ಷಣ ಹೋಗಲ್ಲ. ಹೊತ್ತು ಕಳೆದರೆ ತಾನೇ ಹೋಗುತ್ತೆ. ಬಸ್ಸಾರು ತಿಂದಿದ್ದಕ್ಕೆ ಯಾರೂ ತಲೆ ಕೆಡಿಸಿಕೊಳ್ಳಬೇಡಿ.

ವಸಡಲ್ಲಿ ರಕ್ತ ಬಂತು ಅಂತ ಉಜ್ಜೋದು ನಿಲ್ಲಿಸಬೇಡಿ. ಕೊಳೆ ಇರೋದಕ್ಕೇ ರಕ್ತ. ಡಾಕ್ಟ್ರ ಹತ್ತಿರ ಕ್ಲೀನ್ ಮಾಡಿಸಿ, ದಿನಾ ಮೆಲ್ಲಗೆ ಉಜ್ಜಿದರೆ ಕೆಲವೇ ವಾರದಲ್ಲಿ ಕಮ್ಮಿಯಾಗುತ್ತೆ. ‘ಕ್ಲೀನಿಂಗ್ ಮಾಡಿಸಿದರೆ ಹಲ್ಲು ಅಲ್ಲಾಡ್ತವೆ’ ಅನ್ನೋ ಮಾತು ನಾಲ್ಕೂ ತಾಲ್ಲೂಕಿನಲ್ಲಿ ಕೇಳಿದ್ದೀನಿ. ಕಿಟ್ಟ ತೆಗೆದ ಮೇಲೆ ಸಂದಿ ಖಾಲಿ ಅನ್ನಿಸುತ್ತೆ, ನಾಲ್ಕು ದಿನ ಜುಮ್ಮೆನ್ನುತ್ತೆ, ಅಷ್ಟೇ. ಹಲ್ಲನ್ನು ಅಲ್ಲಾಡಿಸೋದು ಕಿಟ್ಟ, ಕ್ಲೀನಿಂಗ್ ಅಲ್ಲ. ಬಾಯಿ ಮುಕ್ಕಳಿಸೋ ಕ್ಲೋರ್‌ಹೆಕ್ಸಿಡಿನ್ ಔಷಧಿಯನ್ನು ಡಾಕ್ಟ್ರು ಹೇಳಿದಷ್ಟು ದಿನ ಮಾತ್ರ ಬಳಸಿ. ತಿಂಗಳುಗಟ್ಟಲೆ ಹಾಕಿದರೆ ಹಲ್ಲು ಕಂದುಗಟ್ಟುತ್ತೆ.

*

ಈಗ ಸ್ವಲ್ಪ ಗಂಭೀರ. 2012ರ ಅಕ್ಟೋಬರ್‌ನಿಂದ ಪಿಕ್ಚರ್ ಶುರುವಾಗೋ ಮುಂಚೆ, ಇಂಟರ್‌ವಲ್ ಮುಗಿದ ಮೇಲೆ ತಂಬಾಕಿನ ಎಚ್ಚರಿಕೆ ಚಿತ್ರ ತೋರಿಸೋ ನಿಯಮ ಬಂತು. ಆ ಹೊತ್ತಿಗೆ ನಾವು ಸಿಳ್ಳೆ ಹಾಕ್ತೀವಿ, ಪಾಪ್‌ಕಾರ್ನ್ ತರೋಕೆ ಏಳ್ತೀವಿ. 2016-17ರ ಸಮೀಕ್ಷೆಯಲ್ಲಿ ಕರ್ನಾಟಕದ ವಯಸ್ಕರಲ್ಲಿ ನೂರಕ್ಕೆ 22.8 ಮಂದಿ ತಂಬಾಕು ಬಳಸ್ತಿದ್ದರು. ನಮ್ಮ ರಾಜ್ಯದಲ್ಲಿ 2013ರಲ್ಲೇ ಗುಟ್ಕಾ ನಿಷೇಧ ಆಯ್ತು. ಆದರೂ ಅಡಿಕೆ ಪೊಟ್ಟಣ, ತಂಬಾಕು ಪೊಟ್ಟಣ ಬೇರೆ ಬೇರೆ ಕೊಂಡು ಅಂಗೈಯಲ್ಲಿ ಬೆರೆಸೋರನ್ನು ನಾನೇ ನೋಡಿದ್ದೀನಿ. ತಂಬಾಕು ವಸಡಿನ ರೋಗ ಹೆಚ್ಚಿಸುತ್ತೆ. ಬೀಡಿ-ಸಿಗರೇಟು ಸೇದೋರಲ್ಲಿ ರಕ್ತ ಬರೋದನ್ನೂ ಅಡಗಿಸುತ್ತೆ, ಅಂದ್ರೆ ಕಳ್ಳ ಒಳಗಿದ್ದರೂ ನಾಯಿ ಬೊಗಳಲ್ಲ. ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರ ವರದಿಯಲ್ಲಿ ಹೇಳಿದೆ. ಬಾಯಿ ಮೂರು ಬೆರಳಿನಷ್ಟು ಅಗಲ ತೆರೆಯಲಾಗದಿದ್ದರೆ, ಬಿಳಿ-ಕೆಂಪು ಮಚ್ಚೆ ಕಂಡರೆ, ಹುಣ್ಣು ಎರಡು ವಾರವಾದರೂ ಮಾಯದಿದ್ದರೆ, ವಾಸನೆ ವಿಚಾರ ಪಕ್ಕಕ್ಕಿಟ್ಟು ಅವತ್ತೇ ಆಸ್ಪತ್ರೆಗೆ ಹೋಗಿ. ಬಿಡಬೇಕು ಅನ್ನೋರಿಗೆ ಸರ್ಕಾರದ ಉಚಿತ ಫೋನ್ 1800-11-2356. ಸಿಗರೇಟ್ ಪ್ಯಾಕಿನ ಮೇಲೇ ಅಚ್ಚಾಗಿದೆ, ನಾವು ನೋಡಿರಲ್ಲ.

ಹಲ್ಲು, ವಸಡು, ನಾಲಿಗೆ ಎಲ್ಲ ಸರಿಯಿದ್ದೂ ವಾಸನೆ ಬಂದರೆ ಟಾನ್ಸಿಲ್, ಸೈನಸ್ ತೋರಿಸಿ. ಸಕ್ಕರೆ ಕಾಯಿಲೆಯ ಪರೀಕ್ಷೆಯನ್ನೂ ಮಾಡಿಸಿ. ಸಕ್ಕರೆ ಕಾಯಿಲೆಗೂ ವಸಡಿನ ರೋಗಕ್ಕೂ ನೆಂಟಸ್ತಿಕೆ ಇದೆ, ಒಂದು ಕೆಟ್ಟರೆ ಇನ್ನೊಂದೂ ಕೆಡುತ್ತೆ.

ಹೋಗೋದು ಎಲ್ಲಿಗೆ? ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಹಲ್ಲಿನ ಡಾಕ್ಟ್ರು ಯಾವ ದಿನ ಇರ್ತಾರೆ ಅಂತ ಮೊದಲು ವಿಚಾರಿಸಿ. ಮೈಸೂರಿನಲ್ಲಿ ಜೆ.ಎಸ್.ಎಸ್., ಫಾರೂಕಿಯಾ ದಂತ ಕಾಲೇಜುಗಳಿವೆ. ಶ್ರೀರಂಗಪಟ್ಟಣದಿಂದ ಬಸ್ಸಿನಲ್ಲಿ ಅರ್ಧ-ಮುಕ್ಕಾಲು ಗಂಟೆ. ಸಾಮಾನ್ಯವಾಗಿ ದಂತ ಕಾಲೇಜುಗಳಲ್ಲಿ ದೊಡ್ಡ ಡಾಕ್ಟ್ರ ಕಣ್ಣೆದುರಿಗೇ ವಿದ್ಯಾರ್ಥಿಗಳು ಚಿಕಿತ್ಸೆ ಮಾಡ್ತಾರೆ, ಖಾಸಗಿ ಕ್ಲಿನಿಕ್ಕಿಗಿಂತ ಖರ್ಚು ಕಮ್ಮಿ. ಬೆಳಿಗ್ಗೆ ಬೇಗ ಹೋಗಿ ಚೀಟಿ ಮಾಡಿಸಿ.

‘ಸ್ಟಾರ್‌ಗಳಿಗೆಲ್ಲ ಇಂಥ ತೊಂದರೆ ಎಲ್ಲಿಂದ’ ಅಂತೀರಾ? ಹಾಲಿವುಡ್ಡಿನ ರಾಜ ಅನ್ನಿಸಿಕೊಂಡ ಕ್ಲಾರ್ಕ್ ಗೇಬಲ್‌ಗೆ 1933ರಲ್ಲಿ, 32ನೇ ವಯಸ್ಸಿಗೆ, ವಸಡಿನ ಸೋಂಕು ವಿಪರೀತವಾಗಿ ಬಹುಪಾಲು ಹಲ್ಲು ಕೀಳಿಸಬೇಕಾಯ್ತು. ಆಮೇಲೆಲ್ಲ ಕಟ್ಟಿಸಿದ ಹಲ್ಲು. 1939ರ ‘ಗಾನ್ ವಿತ್ ದಿ ವಿಂಡ್’ನಲ್ಲಿ ಹೀರೋಯಿನ್ ವಿವಿಯನ್ ಲೀ ಆತನ ಬಾಯಿವಾಸನೆ ಬಗ್ಗೆ ದೂರಿದ್ದರು ಅನ್ನೋ ಮಾತು ಇಂದಿಗೂ ಚಾಲ್ತಿಯಲ್ಲಿದೆ. ಪರದೆ ಮೇಲೆ ನೋಡಿದ ನಮಗೆ ಗೊತ್ತಾಯ್ತಾ? ಎಷ್ಟೇ ದೊಡ್ಡ ಹೀರೋ ಆದರೂ ವಸಡು ವಸಡೇ.

*

ಈಗ ಕೆ.ಆರ್. ಪೇಟೆಯ ತಮ್ಮನಿಗೆ.

ತಮ್ಮಾ, ಪ್ರೇಮಕವಿ ಕೆ.ಎಸ್. ನರಸಿಂಹಸ್ವಾಮಿಯವರ ಕಿಕ್ಕೇರಿ ನಿನ್ನ ತಾಲ್ಲೂಕಿನದೇ. ಅವರ 1942ರ ‘ಮೈಸೂರ ಮಲ್ಲಿಗೆ’ಯಿಂದ 1992ರಲ್ಲಿ ನಾಗಾಭರಣ ಅವರು ಪಿಕ್ಚರ್ ಮಾಡಿದ್ರು. ಅಂಥ ಸೀಮೆಯ ಹುಡುಗ ಎರಡು ಸಲದ ಕ್ಲೀನಿಂಗಿನಲ್ಲಿ ಸರಿಹೋಗಬಹುದಾದ ತೊಂದರೆಗೆ ಹೆದರಿ, ಒಪ್ಪಿದ ಹೆಣ್ಣನ್ನು ಬಿಡ್ತೀನಿ ಅಂತೀಯಲ್ಲ! ಮದುವೆ ಬೇಡ ಅಂತ ಇನ್ನೂ ಯಾರಿಗೂ ಹೇಳಬೇಡ. ಈ ವಾರವೇ ಡಾಕ್ಟ್ರಿಗೆ ಬಾಯಿ ತೋರಿಸು. ಒಬ್ಬನೇ ಹೋಗೋಕೆ ನಾಚಿಕೆ ಆದ್ರೆ ‘ಹಲ್ಲು ನೋವು’ ಅಂತ ಹೇಳಿ ಗೆಳೆಯನನ್ನು ಕರ್ಕೊಂಡು ಹೋಗು. ಒಳಗೆ ಹೋದ ಮೇಲೆ ಡಾಕ್ಟ್ರಿಗೆ ಮಾತ್ರ ನಿಜ ಹೇಳು. ಅವರು ದಿನಾ ಇದನ್ನೇ ನೋಡೋರು, ಮುಖ ತಿರುಗಿಸಲ್ಲ.

ಆಮೇಲೆ ಆ ಹುಡುಗಿ ನಾಲ್ಕನೇ ಸಲ ಕರೆಯೋವರೆಗೆ ಕಾಯಬೇಡ, ನೀನೇ ಕರಿ. ಬೇಕಿದ್ರೆ ವಿಷಯವನ್ನೂ ಹೇಳಿಬಿಡು. ನಾಳೆ ಒಂದೇ ಮನೇಲಿ ಬಾಳೋರು ನೀವು. ‘ಹಲ್ಲಿಂದು ತೊಂದರೆ ಇತ್ತು, ತೋರಿಸಿಕೊಂಡೆ’ ಅನ್ನೋ ಒಂದು ವಾಕ್ಯಕ್ಕೆ ಯಾವ ಹೆಣ್ಣೂ ಬಿಟ್ಟು ಹೋಗಲ್ಲ. ಕಾರಣವಿಲ್ಲದೆ ಮೂರು ಸಲ ತಪ್ಪಿಸಿಕೊಂಡವನ ಮೇಲೆ ಅನುಮಾನ ಪಡೋದು ಸಹಜ. ನನಗೆ ನಾಗಮಂಗಲದವರು ಯಾರೂ ನಿಜ ಹೇಳಲಿಲ್ಲ. ಪಾಂಡವಪುರದವನು ಹೇಳಿದಾಗ ನಾನು ಕೇಳಲಿಲ್ಲ. ಒಂದು ವರ್ಷ ಹೋಯ್ತು, ಒಂದು ಹಲ್ಲು ಹೋಯ್ತು. ನಿನಗೆ ಇನ್ನೂ ಏನೂ ಹೋಗಿಲ್ಲ.

ಉಳಿದ ಮಿತ್ರರಿಗೆ ಒಂದೇ ಕೋರಿಕೆ. ನಿಮ್ಮ ಗ್ಯಾಂಗಿನಲ್ಲಿ ಇಂಥವನೊಬ್ಬ ಇದ್ರೆ ಅಡ್ಡಹೆಸರು ಇಡಬೇಡಿ, ಗ್ರೂಪಿನಲ್ಲಿ ಗೇಲಿ ಮಾಡಬೇಡಿ. ಏಲಕ್ಕಿಯನ್ನೂ ಕೊಡಬೇಡಿ! ಒಬ್ಬನೇ ಸಿಕ್ಕಾಗ ಪಕ್ಕಕ್ಕೆ ಕರೆದು ಹೇಳಿ. ಅವನು ಸಿಟ್ಟಾಗ್ತಾನೆ. ಎರಡು ತಿಂಗಳು ನಿಮ್ಮ ಬೀದಿಗೆ ಬರದೇ ಇರಬಹುದು. ಪರವಾಗಿಲ್ಲ, ಹೇಳಿ.

ಕೆ.ಆರ್. ಪೇಟೆ ತಮ್ಮಾ, ಡಾಕ್ಟ್ರು ಏನಂದ್ರು, ಮೈಸೂರಿನಲ್ಲಿ ಯಾವ ಪಿಕ್ಚರ್ ನೋಡಿದ್ರಿ, ಎರಡನ್ನೂ ತಪ್ಪದೆ ಬರಿ. ಮುಂದಿನ ವಾರ ಮಾಮೂಲಿನಂತೆ ಗಾಂಧಿನಗರದ ಸುದ್ದಿಯೊಂದಿಗೆ ಬರ್ತೀನಿ. ಅಷ್ಟರಲ್ಲಿ ಇವತ್ತು ರಾತ್ರಿ ಮಲಗೋ ಮುಂಚೆ... ಗೊತ್ತಲ್ಲ, ಎರಡು ನಿಮಿಷ!